ಕಾರ್ನ್ ಸ್ನೇಕ್ ಟ್ಯಾಂಕಿಗೆ ಕಾವು: ಹೀಟರ್‌ಗಿಂತ ಪ್ರೋಬ್ ಮುಖ್ಯ

ಹೊಸದಾಗಿ ಕಾರ್ನ್ ಸ್ನೇಕ್ ಸಾಕಲು ಹೊರಟವರು "ಎಷ್ಟು ವ್ಯಾಟಿನ ಹೀಟರ್ ತರಲಿ?" ಅಂತ ಕೇಳುತ್ತಾರೆ. ಕೇಳಬೇಕಾದ್ದು ಬೇರೆ: ಕಾವನ್ನು ಹದದಲ್ಲಿಡುವ ಥರ್ಮೋಸ್ಟ್ಯಾಟಿನ ಪ್ರೋಬ್, ಅಂದರೆ ಬಿಸಿ ಅಳೆಯುವ ಅದರ ವೈರಿನ ತುದಿ, ಎಲ್ಲಿ ಕೂರಿಸಲಿ? ಹೀಟರ್ ಒಂದು ರಾತ್ರಿ ಕೈಕೊಟ್ಟರೆ ಹಾವಿಗೆ ಚಳಿ, ಅಷ್ಟೇ. ಪ್ರೋಬ್ ಜಾಗ ತಪ್ಪಿದರೆ ಅದರ ಹೊಟ್ಟೆ ಸುಟ್ಟುಹೋಗುತ್ತದೆ.

ಇದು ಅಮೆರಿಕದ ಆಗ್ನೇಯ ಭಾಗದ ಹಾವು. ಫ್ಲೋರಿಡಾ, ಕ್ಯಾರೊಲಿನಾ ಕಡೆಯ ಪೈನ್ ಕಾಡು, ಹೊಲದಂಚು, ಹಳೇ ಕೊಟ್ಟಿಗೆಗಳಲ್ಲಿ ಇಲಿ ಹಿಡಿದು ಬದುಕುತ್ತದೆ. ವಿಷವಿಲ್ಲ, ನಮ್ಮ ಕೇರೆಹಾವಿನ ದೂರದ ನೆಂಟ. (ಹಾಗಂತ ಕೇರೆ ಹಿಡಿದು ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.) ಮೈಯೊಳಗೆ ಸ್ವಂತ ಕಾವು ಹುಟ್ಟದ ಪ್ರಾಣಿಯಾದ್ದರಿಂದ, ತಿಂದ ಇಲಿ ಅರಗಬೇಕಾದರೆ ಬಿಸಿ ನೆಲಕ್ಕೆ ಬರಬೇಕು, ಸಾಕೆನಿಸಿದಾಗ ತಂಪಿಗೆ ಸರಿಯಬೇಕು. ಹಾಗಾಗಿ ಟ್ಯಾಂಕಿನ ಒಂದು ತುದಿಯಲ್ಲಿ ನೆಲ 29ರಿಂದ 31 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 22ರಿಂದ 24 ಇರಲಿ. ರಾತ್ರಿ 20ಕ್ಕೆ ಇಳಿದರೂ ತೊಂದರೆಯಿಲ್ಲ. ಇಡೀ ಟ್ಯಾಂಕು ಒಂದೇ ಸಮನೆ 28 ಇದ್ದರೆ ಅದು ಹಾವಿಗೆ ಜೈಲು.

ಮರಿ ಮತ್ತು ಮಧ್ಯಮ ಗಾತ್ರದ ಹಾವಿಗೆ ಗಾಜಿನ ಟ್ಯಾಂಕು, ಹೀಟ್ ಮ್ಯಾಟು (ಕರೆಂಟಿನಿಂದ ಕಾಯುವ ತೆಳು ಹಾಳೆ) ಸಾಕು. ಮ್ಯಾಟು ತಳದ ಮೂರನೇ ಒಂದು ಭಾಗವನ್ನಷ್ಟೇ ಮುಚ್ಚಬೇಕು, ಗಾಜಿನ ಹೊರಗಡೆ, ಕೆಳಗೆ. ಟ್ಯಾಂಕಿನ ನಾಲ್ಕು ಮೂಲೆಗೂ ರಬ್ಬರ್ ಕಾಲು ಅಂಟಿಸಿ ಅರ್ಧ ಸೆಂಟಿಮೀಟರಿನಷ್ಟಾದರೂ ಎತ್ತರಿಸಿ. ಮೇಜಿಗೆ ಒತ್ತಿಕೊಂಡರೆ ಕಾವು ಹೊರಹೋಗಲು ದಾರಿಯಿಲ್ಲದೆ ಗಾಜು ಬಿರುಕು ಬಿಡಬಹುದು. ಮರದ ಪೆಟ್ಟಿಗೆಯಾದರೆ ಈ ಲೆಕ್ಕ ನಡೆಯದು. ಮರ ಕಾವನ್ನು ಸರಿಯಾಗಿ ದಾಟಿಸುವುದಿಲ್ಲ.

ಈಗ ಪ್ರೋಬ್. ಮ್ಯಾಟಿಗೆ ತನ್ನ ಬಿಸಿ ತಾನೇ ನಿಲ್ಲಿಸಿಕೊಳ್ಳಲು ಬರುವುದಿಲ್ಲ. ಥರ್ಮೋಸ್ಟ್ಯಾಟ್ ಇಲ್ಲದಿದ್ದರೆ 40 ದಾಟಿ ಹೋಗುತ್ತದೆ. ಹಾವೋ, ಕೆಳಗಿನಿಂದ ಸುಡುತ್ತಿದ್ದರೂ ಎದ್ದುಹೋಗದೆ ಅಲ್ಲೇ ಸುತ್ತಿಕೊಂಡಿರುತ್ತದೆ. ಅನೇಕರು ಪ್ರೋಬನ್ನು ಒಳಗೆ, ನೆಲಕ್ಕೆ ಹಾಸಿದ ಮರದ ಹೊಟ್ಟಿನ ಮೇಲೆ ಬಿಟ್ಟಿರುತ್ತಾರೆ. ಹಾವು ರಾತ್ರಿ ಓಡಾಡುವಾಗ ವೈರಿಗೆ ಮೈ ತಗುಲಿ ಪ್ರೋಬ್ ನೀರಿನ ಬಟ್ಟಲಿಗೆ ಬಿತ್ತೆನ್ನಿ. ಅದು ಓದುವುದು 23 ಡಿಗ್ರಿ ನೀರನ್ನು. ಥರ್ಮೋಸ್ಟ್ಯಾಟ್ ಪಾಪ "ಇನ್ನೂ ಚಳಿ, ಇನ್ನೂ ಚಳಿ" ಅಂತ ಮ್ಯಾಟಿಗೆ ಕರೆಂಟು ಕೊಡುತ್ತಲೇ ಇರುತ್ತದೆ. ಬೆಳಿಗ್ಗೆ ಡಿಸ್‌ಪ್ಲೇ ನೋಡಿದರೆ ಅದೇ 23 ಕಾಣುತ್ತದೆ, ನೆಲ ಮಾತ್ರ ಕಾದ ಕಾವಲಿ.

ಅದಕ್ಕೇ ಪ್ರೋಬನ್ನು ಹೊರಗಡೆ, ಮ್ಯಾಟ್ ಮತ್ತು ಗಾಜಿನ ನಡುವೆ ಸಿಕ್ಕಿಸಿ ಅಲ್ಯುಮಿನಿಯಂ ಟೇಪಿನಿಂದ ಬಿಗಿಯಾಗಿ ಅಂಟಿಸಿ. ಒಳಗೆ, ಅದೇ ಜಾಗದ ಗಾಜಿನ ಮೇಲೆ, ಬೇರೆಯೇ ಒಂದು ಡಿಜಿಟಲ್ ಥರ್ಮಾಮೀಟರಿನ ಪ್ರೋಬ್ ಇರಲಿ. ಥರ್ಮೋಸ್ಟ್ಯಾಟನ್ನು 33ಕ್ಕೆ ಇಟ್ಟು ಶುರುಮಾಡಿ, ನಾಲ್ಕು ಗಂಟೆ ಬಿಟ್ಟು ಒಳಗಿನದನ್ನು ಓದಿ. ಗಾಜು ದಾಟುವಷ್ಟರಲ್ಲಿ ಒಂದಷ್ಟು ಡಿಗ್ರಿ ಸೋರಿಹೋಗಿರುತ್ತದೆ. ಒಳಗೆ 30 ಬರುವ ತನಕ ಒಂದೊಂದೇ ಡಿಗ್ರಿ ಏರಿಸಿ ಇಳಿಸಿ. ಕೋಣೆ ತಣ್ಣಗಾದಷ್ಟೂ ಈ ಸೋರಿಕೆ ಹೆಚ್ಚು, ಆದ್ದರಿಂದ ಬೇಸಿಗೆಯ ಸೆಟ್ಟಿಂಗು ಚಳಿಗಾಲಕ್ಕೆ ಬಾರದು. ಗಾಜಿಗೆ ಅಂಟಿಸುವ ಮುಳ್ಳಿನ ಮೀಟರು ಗಾಳಿಯ ಬಿಸಿ ತೋರಿಸುತ್ತದೆ, ಅದೂ ಅಂದಾಜು. ಅದಕ್ಕೆ ದುಡ್ಡು ದಂಡ.

ಟ್ಯಾಂಕಿನ ಒಳಗೆ ಮಾತ್ರ ಯಾವ ಟೇಪೂ ಬೇಡ. ಒಂದು ಅಂಚು ಎದ್ದರೂ ಹಾವು ಅಂಟಿಕೊಳ್ಳುತ್ತದೆ, ಎಳೆದರೆ ಚರ್ಮ ಕಿತ್ತುಬರುತ್ತದೆ. ಅಂಟಿಕೊಂಡೇ ಬಿಟ್ಟರೆ ಅಡುಗೆ ಎಣ್ಣೆ ಸವರಿ ನಿಧಾನಕ್ಕೆ ಬಿಡಿಸಬೇಕು.

ಆಸ್ಪೆನ್ ಮರದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ ಹಾಸಿ. ದೇವದಾರು ಜಾತಿಯ ಮರದ ಹೊಟ್ಟು ಬೇಡ, ಅದರ ಎಣ್ಣೆಯ ವಾಸನೆ ಹಾವಿಗೆ ವಿಷ. ಮ್ಯಾಟಿನ ಮೇಲೆ 2 ಸೆಂಟಿಮೀಟರ್ ಸಾಕು. ದಪ್ಪ ಹಾಸಿದರೆ ಮೇಲೆ ತಣ್ಣಗೆ, ಕೆಳಗೆ ಬಿಸಿ ತುಂಬಿಕೊಂಡಿರುತ್ತದೆ, ಕೊರೆದುಕೊಂಡು ಹೋಗುವ ಹಾವಿಗೆ ಅದೇ ಕಂಟಕ. ತಂಪು ಕಡೆ 7-8 ಸೆಂಟಿಮೀಟರ್ ಧಾರಾಳವಾಗಿ ಹಾಕಿ. ಎರಡೂ ತುದಿಗೆ ಮೈ ತಗುಲುವಷ್ಟು ಇಕ್ಕಟ್ಟಾದ ಗೂಡು ಒಂದೊಂದು. ಒಂದೇ ಗೂಡಿಟ್ಟರೆ ಅಡಗುವ ಆಸೆಗೆ ಹಾವು ಕಾವನ್ನೇ ಬಿಟ್ಟುಕೊಡುತ್ತದೆ. ನೀರಿನ ಬಟ್ಟಲು ತಂಪು ಕಡೆಗೆ. ಬಿಸಿ ಕಡೆ ಇಟ್ಟರೆ ತೇವ ವಿಪರೀತ ಏರಿ ಉಸಿರಾಟದ ಸೋಂಕು ಬರಬಹುದು. ತೇವಾಂಶ ಶೇ. 40-60 ಸರಿ. ಪೊರೆ ಬಿಡುವ ಮೊದಲು ಕಣ್ಣು ಹಾಲು ಬೆರೆಸಿದಂತೆ ಮಂಜಾದಾಗ, ಒದ್ದೆ ಪಾಚಿ (ಸ್ಫಾಗ್ನಮ್ ಮಾಸ್) ತುಂಬಿದ ಡಬ್ಬಿಯೊಂದನ್ನು ನಡುವೆ ಇಡಿ.

ಬೆಳೆದ ಹಾವು ನಾಲ್ಕರಿಂದ ಐದು ಅಡಿ. ಅದಕ್ಕೆ 4×2×2 ಅಡಿಯ ಮರದ ಪೆಟ್ಟಿಗೆ, ಮೇಲಿನಿಂದ ಕಾವು. ಬೆಳಕಿಲ್ಲದೆ ಕಾವು ಮಾತ್ರ ಕೊಡುವ ಸೆರಾಮಿಕ್ ಹೀಟರಿಗೆ ಪಿಂಗಾಣಿ ಹೋಲ್ಡರೇ ಬೇಕು, ಪ್ಲಾಸ್ಟಿಕ್ಕಿನದು ಕರಗುತ್ತದೆ. ಸುತ್ತ ತಂತಿಯ ಬಲೆ ಕಡ್ಡಾಯ, ಇಲ್ಲದಿದ್ದರೆ ಹಾವು ಅದಕ್ಕೇ ಸುತ್ತಿಕೊಳ್ಳುತ್ತದೆ. ಬೆಳಕು ಕೊಡುವ ಬಲ್ಬಾದರೆ ಕರೆಂಟನ್ನು ನಿಧಾನಕ್ಕೆ ಏರಿಸಿ ಇಳಿಸುವ ಡಿಮ್ಮಿಂಗ್ ಥರ್ಮೋಸ್ಟ್ಯಾಟ್ ತನ್ನಿ. ಆನ್-ಆಫ್ ಮಾದರಿಯದಕ್ಕೆ ಹಚ್ಚಿದರೆ ಇಡೀ ದಿನ ಮಿಣುಕಿ ಬೇಗ ಸುಟ್ಟುಹೋಗುತ್ತದೆ. ಮ್ಯಾಟಿಗೆ ಆನ್-ಆಫ್ ಧಾರಾಳ ಸಾಕು. ಅಮೆರಿಕದಿಂದ ಊರಿಗೆ ಬರುವವರು ಅಲ್ಲಿಯ 120 ವೋಲ್ಟಿನ ಮ್ಯಾಟು ಹೊತ್ತು ತರುವುದುಂಟು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಅದು ಮೂರೂವರೆ ಪಟ್ಟಿಗೂ ಹೆಚ್ಚು ವ್ಯಾಟ್ ಎಳೆಯುತ್ತದೆ. ಬೆಂಕಿಗೆ ಅಷ್ಟು ಸಾಕು.

ಎರಡು ಹಾವಿದ್ದರೆ ಎರಡು ಟ್ಯಾಂಕು, ಎರಡು ಥರ್ಮೋಸ್ಟ್ಯಾಟು. ಒಟ್ಟಿಗಿಟ್ಟರೆ ಒಳ್ಳೆಯ ಜಾಗ ಬಲವಾದದ್ದರ ಪಾಲು. ನೆಲದಲ್ಲಿ ಕಕ್ಕಿದ ಇಲಿ ಬಿದ್ದಿದ್ದರೆ ಯಾವುದು ಕಕ್ಕಿದ್ದೆಂದೂ ತಿಳಿಯದು.

ಎಲ್ಲ ಕೂಡಿಸಿ ಹಾವಿಲ್ಲದೆ ಮೂರು ದಿನ ಓಡಿಸಿ, ಬೆಳಿಗ್ಗೆ, ನಡುರಾತ್ರಿ ಎರಡೂ ಹೊತ್ತು ಬರೆದಿಡಿ. ಆಮೇಲೆ ಹಾವೇ ಹೇಳುತ್ತದೆ: ಸದಾ ತಂಪು ಮೂಲೆಯಲ್ಲೋ ನೀರಿನ ಬಟ್ಟಲಲ್ಲೋ ಇದ್ದರೆ ಬಿಸಿ ಜಾಸ್ತಿ (ಬಟ್ಟಲಲ್ಲೇ ಇದ್ದರೆ ಮೈಮೇಲೆ ಉಣ್ಣಿಯಂಥ ನುಸಿಯನ್ನೂ ಹುಡುಕಿ), ಬಿಸಿ ಗೂಡು ಬಿಟ್ಟು ಕದಲದಿದ್ದರೆ ಕಾವು ಸಾಲದು. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಕೋಣೆಯೇ 34 ಮುಟ್ಟಿದಾಗ ಥರ್ಮೋಸ್ಟ್ಯಾಟ್ ಮ್ಯಾಟನ್ನು ಆರಿಸುತ್ತದೆ, ಆದರೆ ತಂಪು ಮಾಡಲು ಅದಕ್ಕೆ ಬಾರದು. ಟ್ಯಾಂಕನ್ನು ನೆಲದ ಮೇಲಿಟ್ಟು, ಬಿಸಿಲು ಬೀಳದ ಕೋಣೆಗೆ ಸಾಗಿಸಿ. ಡಿಸೆಂಬರ್ ರಾತ್ರಿ ಕರೆಂಟು ಹೋದರೆ ಗಾಳಿಗೆ ದಾರಿ ಬಿಟ್ಟು ಕಂಬಳಿ ಹೊದಿಸಿದರೆ ಸಾಕು. ಅಂಥ ದಿನ ತಿನ್ನಿಸಲು ಹೋಗಬೇಡಿ, ತಣ್ಣನೆಯ ಹೊಟ್ಟೆಯಲ್ಲಿ ಇಲಿ ಅರಗದೆ ಕೊಳೆಯುತ್ತದೆ.