ತಟ್ಟೆಯೊಳಗಿನ ಮೂರನೆಯ ಹುಳು

ಕಾಳು ಕೊರೆಯುವ ಎರಡು ಜಾತಿಯ ಹುಳುಗಳಲ್ಲಿ ಒಂದರ ಗಂಡು ಇನ್ನೊಂದರ ಹೆಣ್ಣನ್ನು ಕಾಡಿದರೆ ಅದು ಇಡುವ ಮೊಟ್ಟೆ ಎಷ್ಟು ತಗ್ಗುತ್ತದೆ ಎಂದು ನೋಡುವ ಪ್ರಯೋಗ ಇದು. ಮೊಟ್ಟೆ ಎಣಿಸುವ ದಿನ ಮೊದಲು ಬೇಕಾದದ್ದು ಓರೆ ಬೆಳಕು. ನೇರ ಬೆಳಕಲ್ಲಿ ಹೆಸರುಕಾಳಿನ ಹೊಳಪೇ ಮೊಟ್ಟೆಯಂತೆ ಕಾಣುತ್ತದೆ. ಬದಿಯಿಂದ ಟಾರ್ಚ್ ಹಿಡಿದು 10 ಪಟ್ಟಿನ ಮಸೂರದಲ್ಲಿ ನೋಡಿದರೆ ಕಾಳಿಗೆ ಅಂಟಿದ ಗುಮ್ಮಟದಂಥ ಮೊಟ್ಟೆಗಳು ಎದ್ದು ಕಾಣುತ್ತವೆ. ಬೆಳ್ಳಗಿದ್ದರೆ ಮರಿ ಒಳಹೊಕ್ಕಿದೆ, ಕೊರೆದ ಪುಡಿಯನ್ನು ಹಿಂದೆ ಬಿಟ್ಟ ಮೊಟ್ಟೆಯ ಚಿಪ್ಪಿಗೆ ತುಂಬಿದೆ ಎಂದರ್ಥ. ಗಾಜಿನಂತೆ ಉಳಿದದ್ದು ಮರಿಯಾಗದ ಮೊಟ್ಟೆ. ಎರಡಕ್ಕೂ ಬೇರೆ ಅಂಕಣ ಬೇಕು. ಕೊನೆಯ ಮೊಟ್ಟೆ ಬಿದ್ದು ವಾರ ಕಳೆಯುವ ಮುಂಚೆ ಎಣಿಸಿದರೆ ಈ ವ್ಯತ್ಯಾಸವೇ ಸಿಗದು.

ಮೇಜಿನ ಮೇಲೆ 40 ತಟ್ಟೆ, ಒಂದೊಂದರಲ್ಲಿ 100 ಕಾಳು. ಎಲ್ಲದರಲ್ಲೂ ಒಂದು ಜೋಡಿ ಮ್ಯಾಕುಲೇಟಸ್, ಅಂದರೆ ಅಲಸಂದೆಗೆ ಬೀಳುವ ಕುಟ್ಟೆ. ಹತ್ತರಲ್ಲಿ ಆ ಜೋಡಿ ಮಾತ್ರ. ಹತ್ತಕ್ಕೆ ಜೊತೆಗೊಂದು ಚೈನೆನ್ಸಿಸ್ (ಅದೇ ಕುಲದ ಇನ್ನೊಂದು ಜಾತಿಯ ಕುಟ್ಟೆ) ಗಂಡು, ಹತ್ತಕ್ಕೆ ಚೈನೆನ್ಸಿಸ್ ಹೆಣ್ಣು, ಉಳಿದ ಹತ್ತಕ್ಕೆ ಇನ್ನೊಂದು ಮ್ಯಾಕುಲೇಟಸ್ ಗಂಡು. ಈ ಕೊನೆಯ ಗುಂಪನ್ನು ದಂಡವೆಂದು ಬಿಡುವವರೇ ಹೆಚ್ಚು. ಸ್ವಜಾತಿಯ ಗಂಡೂ ಹೆಣ್ಣನ್ನು ಬಿಡದೆ ಕಾಡುತ್ತದೆ. ಹಾಗಾಗಿ ಆ ಹತ್ತು ತಟ್ಟೆಗಳಿಲ್ಲದೆ ಪರಜಾತಿಯ ಕಾಟವೆಷ್ಟು, ಬರೀ ಗುಂಪಿನ ಕಾಟವೆಷ್ಟು ಎಂದು ಬಿಡಿಸಲಾಗದು. ಚೈನೆನ್ಸಿಸ್ ಹೆಣ್ಣಿರುವ ತಟ್ಟೆಗಳಲ್ಲಿ ಇನ್ನೊಂದು ತೊಡಕು: ಅದು ಕೂಡಿರದಿದ್ದರೂ ಕೆಲವು ಮೊಟ್ಟೆ ಇಡಬಹುದು, ಅವು ಮ್ಯಾಕುಲೇಟಸ್ ಲೆಕ್ಕಕ್ಕೆ ಸೇರಿಬಿಡುತ್ತವೆ. ಅಲ್ಲಿ ಬೆಳ್ಳಗಾದವನ್ನಷ್ಟೇ ನಂಬಬೇಕು.

ಪ್ರಯೋಗ ಕೆಡುವುದು ಹೆಚ್ಚಾಗಿ ಇದಕ್ಕೂ ಮುಂಚೆ. ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಹುಳುಗಳು ಕೂಡುತ್ತವೆ. ಹುಳು ಹೊರಬೀಳುವ ಮುನ್ನ ಕಿಟಕಿಯಂಥ ದುಂಡು ಗುರುತು ಮೂಡಿದ ಕಾಳನ್ನು ಒಂದೊಂದಾಗಿ ಸೀಸೆಗೆ ಹಾಕದಿದ್ದರೆ ಕನ್ಯೆ ಹೆಣ್ಣೇ ಸಿಗದು. ಹಾಗೆ ಹಾಕಿದ ಮೇಲೂ ಗುರುತಿಸುವ ಕೆಲಸ ಇದೆ. ಮ್ಯಾಕುಲೇಟಸ್ ಹೆಣ್ಣಿನ ಹಿಂತುದಿಯ ಎರಡು ಬದಿ ಕಪ್ಪು, ನಡುವೆ ತಿಳಿ ಗೆರೆ. ಗಂಡಿಗೆ ಅಲ್ಲಿ ಒಂದೇ ತಿಳಿ ಬಣ್ಣ. ಚೈನೆನ್ಸಿಸ್ ಗಂಡಿನ ಮೀಸೆ ಬಾಚಣಿಗೆಯಂತೆ, ಹೆಣ್ಣಿನದು ಗರಗಸದಂತೆ. ಓಡಾಡುತ್ತಿದ್ದರೆ ಎರಡು ನಿಮಿಷ ಫ್ರಿಜ್ಜಿನಲ್ಲಿಟ್ಟು ನೋಡಿ. ಅಂಗಡಿಯ ಕಾಳನ್ನು ಮೊದಲೇ ಒಂದು ವಾರ ಫ್ರೀಜರಿನಲ್ಲಿಡಬೇಕು, ತೆಗೆದ ಮೇಲೆ ಪೊಟ್ಟಣ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಬೇಕು. ಅವಸರಪಟ್ಟರೆ ಕಾಳು ಬೆವರಿ ಬೂಜು ಹಿಡಿಯುತ್ತದೆ.

ನೋಡಬೇಕಾದದ್ದು ಎರಡನೆಯ ಗುಂಪನ್ನು. ಚೈನೆನ್ಸಿಸ್ ಗಂಡಿರುವಲ್ಲಿ ಮ್ಯಾಕುಲೇಟಸ್ ಹೆಣ್ಣು ಇಡುವ ಮೊಟ್ಟೆ ಕಡಿಮೆ. ಆ ಗಂಡು ಜಾತಿ ನೋಡದೆ ಬೆನ್ನೇರುತ್ತದೆ, ಹೆಣ್ಣು ಒದೆಯುತ್ತಾ ಓಡುತ್ತದೆ, ಮೊಟ್ಟೆಗೆ ಕಾಳು ಆರಿಸುವ ಹೊತ್ತು ಅದರಲ್ಲೇ ಹೋಗುತ್ತದೆ. ಜಾತಿಗಳನ್ನು ಅದಲುಬದಲು ಮಾಡಿ ಚೈನೆನ್ಸಿಸ್ ಜೋಡಿಗೆ ಮ್ಯಾಕುಲೇಟಸ್ ಗಂಡನ್ನು ಬಿಟ್ಟರೆ ಅಷ್ಟು ನಷ್ಟ ಕಾಣದು. ಕಾಳಿನ ಒಳಗಿನ ಕಥೆಯೋ ಪೂರ್ತಿ ಉಲ್ಟಾ: ಒಂದೇ ಕಾಳಿನಲ್ಲಿ ಎರಡು ಜಾತಿಯ ಮರಿ ಸೇರಿದರೆ ಮೇಲುಗೈ ಮ್ಯಾಕುಲೇಟಸ್‌ನದು. ಸಂಶೋಧಕ ಕಿಶಿ ಮತ್ತು ಸಂಗಡಿಗರು 2009ರಲ್ಲಿ ಜಪಾನಿನಿಂದ ತೋರಿಸಿದ್ದು ಇದನ್ನೇ: ತಿನ್ನುವ ಪೈಪೋಟಿಯಲ್ಲಿ ಗೆಲ್ಲಬೇಕಾದ ಹುಳು ಕೂಡುವ ಕಾಟದಿಂದ ಇಲ್ಲವಾಗಬಲ್ಲದು.

ಕೂಡುವ ಕಾಟ, ತಿನ್ನುವ ಪೈಪೋಟಿ ಎರಡನ್ನೂ ಬೇರ್ಪಡಿಸಲು ಒಂದು ಕೈಕೆಲಸ ಸಾಕು. ಮೊಟ್ಟೆ ಬಿದ್ದ ಮೂರು ದಿನದೊಳಗೆ, ಕಾಳಿಗೊಂದನ್ನು ಬಿಟ್ಟು ಉಳಿದವನ್ನು ಸೂಜಿಯಿಂದ ಕೆರೆದು ತೆಗೆಯುವುದು. ಬೇಸರದ ಕೆಲಸವೇ ಸರಿ. 30 ಡಿಗ್ರಿಯಲ್ಲಿ ಸುಮಾರು ನಾಲ್ಕು ವಾರಕ್ಕೆ ದುಂಬಿಗಳು ಹೊರಬೀಳುತ್ತವೆ. ಕಾಳಿನ ತೂತು ಮಾಮೂಲಿಗಿಂತ ಸಣ್ಣದಿದ್ದರೆ ಒಳಗಿದ್ದದ್ದು ಪರಾವಲಂಬಿ ಕಣಜ, ಆ ತಟ್ಟೆಯನ್ನು ಲೆಕ್ಕದಿಂದ ಕೈಬಿಡಬೇಕು.