ಉದ್ರಿ ವಹಿ

2021ರ ಶ್ರಾವಣದ ಒಂದು ಸೋಮವಾರ. ಡಬ್ಬಿಯಲ್ಲಿ ಉಳಿದದ್ದು 340 ರೂಪಾಯಿ, ಜೋಳದ ಚೀಲ ಖಾಲಿ. ಬುಟ್ಟಿಗಳಲ್ಲಿ ಮಾತ್ರ 400 ಕಡಕ್ ರೊಟ್ಟಿ, ಖಾನಾವಳಿಗೆ ಹೋಗಬೇಕಾದವು.

ನಾನು ಕಲಬುರಗಿಯ ನಮ್ಮ ಮನೆಯಲ್ಲೇ ಈ ಕೆಲಸ ಶುರು ಮಾಡಿದ್ದು 12,000 ರೂಪಾಯಿಯಿಂದ. ಒಲೆ, ಎರಡು ಹಂಚು, ಬುಟ್ಟಿಗೆ 3,000 ಹೋಯಿತು. ಉಳಿದದ್ದು ಜೋಳಕ್ಕೆ, ಗ್ಯಾಸಿಗೆ, ಜೊತೆಗೆ ಬಡಿಯುವ ಇಬ್ಬರ ಕೂಲಿಗೆ. ಕಿಲೊ ಹಿಟ್ಟಿಗೆ 14 ರೊಟ್ಟಿ. ಎಲ್ಲ ಸೇರಿ ಒಂದಕ್ಕೆ ನಾಲ್ಕೂವರೆ ರೂಪಾಯಿ ಬೀಳುತ್ತಿತ್ತು, 6ಕ್ಕೆ ಕೊಡುತ್ತಿದ್ದೆ. ಲಾಭದಲ್ಲೇ ಇದ್ದೇನೆ ಅಂದುಕೊಂಡಿದ್ದೆ. ಅಂದು ಬೆಳಿಗ್ಗೆ ವಹಿ ತೆಗೆದು ಕೂಡಿಸಿದರೆ ಖಾನಾವಳಿಯ ಉದ್ರಿಯೊಂದೇ 9,000. ಅಂದರೆ 1,500 ರೊಟ್ಟಿ. ಅದರಲ್ಲಿ 6,750 ನನ್ನ ಬಂಡವಾಳವೇ!

ಕೇಳಲು ಹೋದೆ. "ಮುಂದಿನ ವಾರ ನೋಡೋಣ್ರಿ ಯಕ್ಕಾ, ಇವತ್ತಿನ ಮಾಲು ಇಳಸ್ರಿ" ಅಂದರು. ನಾನು ಇಳಿಸಲಿಲ್ಲ. ಅಷ್ಟು ದೊಡ್ಡ ಗಿರಾಕಿ ನನಗೆ ಬೇರೆ ಯಾರೂ ಇರಲಿಲ್ಲ, ಕೈ ನಡುಗುತ್ತಿತ್ತು. ಅದೇ ಆಟೋದಲ್ಲಿ ಬುಟ್ಟಿ ವಾಪಸ್ ತಂದೆ.

ಅಣ್ಣ, "ಸಣ್ಣ ದಂಧೆಗೆ ಸರ್ಕಾರದ ಮುದ್ರಾ ಯೋಜನೆದಾಗ ಶಿಶು ಸಾಲ 50,000 ತನಕ ಕೊಡ್ತಾರ, ಹಿಟ್ಟು ನಾದೋ ಯಂತ್ರ ತಗೋ" ಎಂದ. ಯಂತ್ರ ಬಂದರೆ ರೊಟ್ಟಿ ಹೆಚ್ಚುತ್ತದೆ, ಅದರ ಹಿಂದೆ ಉದ್ರಿಯೂ ಹೆಚ್ಚುತ್ತದೆ ಅನ್ನಿಸಿತು. ದಾರಿ ತೋರಿಸಿದ್ದು ಅವ್ವ. "ಕಡಕ್ ರೊಟ್ಟಿ ಲಗೂ ಕೆಡೂದಿಲ್ಲವ್ವ. ಬೆಂಗಳೂರಾಗ, ಪುಣೆದಾಗ ಮಕ್ಕಳಿರೋ ಮನಿ ನಮ್ಮ ಓಣ್ಯಾಗ ಎಷ್ಟ್ ಅದಾವ ನೋಡು."

ಹತ್ತರ ಕಟ್ಟು ಕಟ್ಟಿದೆವು. ಮನೆಗೆಂದು ಕುಟ್ಟಿಟ್ಟ ಶೇಂಗಾ ಹಿಂಡಿಯ (ಚಟ್ನಿಪುಡಿಯ) ಸಣ್ಣ ಪೊಟ್ಟಣ ಒಂದೊಂದಕ್ಕೆ. ಒಂದು ಕಟ್ಟಿಗೆ 80 ರೂಪಾಯಿ, ಕೈಯಾಗ ರೊಕ್ಕ. ರಾತ್ರಿ ಎಂಟರೊಳಗೆ 23 ಕಟ್ಟು ಹೋದವು. ಒಬ್ಬ ತಾಯಿ ಮಗನಿಗೆ ಕಳಿಸಲು ಮೂರು ಕಟ್ಟು ತಗೊಂಡು, ದೀಪಾವಳಿಗೆ ಮತ್ತೆ ಬೇಕೆಂದರು.

ಮರುದಿನ ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಹೋಗಿ ಅರ್ಧ ಕ್ವಿಂಟಲ್ ಜೋಳ ತಂದೆ. ಇಬ್ಬರ ಕೂಲಿ ಎರಡು ದಿನ ತಡವಾಯಿತು. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಶಿಶು ಸಾಲ ಒಂದು ವರ್ಷದ ಮೇಲೆ ತಗೊಂಡೆ. ಯಂತ್ರಕ್ಕಲ್ಲ, ಸುಗ್ಗಿಯಲ್ಲಿ ಮಾಲ್ದಂಡಿ ಜೋಳ ಒಟ್ಟಿಗೆ ಕೊಂಡಿಡಲು. ಆಹಾರ ಸುರಕ್ಷತೆಯ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಕಟ್ಟಿ ಕಟ್ಟಿನ ಮೇಲೆ ನಂಬರ್ ಹಾಕಿದೆ. ಈಗ ಏಳು ಮಂದಿ ಬಡಿಯುತ್ತಾರೆ, ಕೂಲಿ ಶನಿವಾರಕ್ಕೆ ತಪ್ಪುವುದಿಲ್ಲ. ಖಾನಾವಳಿಯವರು ನಾಲ್ಕು ತಿಂಗಳಲ್ಲಿ 5,000 ಕೊಟ್ಟರು. ಉಳಿದ 4,000 ಆ ವಹಿಯಲ್ಲೇ ಇದೆ.