33ಕ್ಕೆ ಶುರು ಮಾಡಿದ್ರೆ ಪ್ರೊ ಫೈಟರ್ ಆಗಬಹುದಾ? ಎಲ್ರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ವಾರಕ್ಕೆ ಎರಡು ಮೂರಾದ್ರೂ ಬರತ್ತೆ ಈ ಮೆಸೇಜು. "ಅಣ್ಣ, ನಂಗೀಗ 33, ಐಟಿ ಕೆಲಸ, ಚಿಕ್ಕೋನಿದ್ದಾಗ ಎರಡು ವರ್ಷ ಕರಾಟೆ ಮಾಡಿದ್ದೆ, ಈಗ ಸೀರಿಯಸ್ಸಾಗಿ ಎಂಎಂಎ ಶುರು ಮಾಡಿದ್ರೆ ಪ್ರೊ ಫೈಟರ್ ಆಗಬಹುದಾ?" ಎಂಎಂಎ ಅಂದ್ರೆ ಪಂಚು, ಕಿಕ್ಕು, ಕುಸ್ತಿ ಎಲ್ಲಾ ಸೇರಿದ ಫೈಟು. ವಯಸ್ಸು ಬದಲಾಗ್ತಾ ಇರತ್ತೆ, 29, 36, ಒಂದ್ಸಲ 41 ಕೂಡ ಬಂದಿತ್ತು, ಕರಾಟೆ ಮಾತ್ರ ಬದಲಾಗಲ್ಲ. ಎಲ್ರೂ ಎರಡೇ ವರ್ಷ ಮಾಡಿರ್ತಾರೆ, ಎಲ್ರೂ ಎಸ್ಸೆಸ್ಸೆಲ್ಸಿ ಬಂತು ಅಂತ ಬಿಟ್ಟಿರ್ತಾರೆ.

ನಾನೇ ಶುರು ಮಾಡಿದ್ದು 31ಕ್ಕೆ, ಅದಕ್ಕೇ ನನ್ನ ಕೇಳ್ತಾರೆ ಅನ್ಸತ್ತೆ. ಅಮೆಚೂರ್ ಅಂದ್ರೆ ಹವ್ಯಾಸಕ್ಕೆ ಆಡೋ ಫೈಟು ನಾಲ್ಕು, ಪ್ರೊ ಅಂದ್ರೆ ದುಡ್ಡಿಗೆ ಆಡೋದು ಎರಡು, ಅದ್ರಲ್ಲಿ ಒಂದು ಗೆದ್ದೆ ಒಂದು ಸೋತೆ, ಆಮೇಲೆ ಬಲಗಾಲಿನ ಮಂಡಿ ಸಾಕಪ್ಪಾ ಅಂತು. ಈಗ ಬೆಳಿಗ್ಗೆ ಆರರ ಬ್ಯಾಚ್‌ಗೆ ಹೇಳಿಕೊಟ್ಟು ಹತ್ತಕ್ಕೆ ಆಫೀಸ್‌ಗೆ ಹೋಗ್ತೀನಿ. ಶುರುವಿನಲ್ಲಿ ನಮ್ಮಮ್ಮ ಅಂದಿದ್ದು ಇನ್ನೂ ನೆನಪಿದೆ, "ಮಕ್ಕಳ ಫೀಸ್ ಕಟ್ಟೋ ವಯಸ್ಸಲ್ಲಿ ಹೊಡೆಸ್ಕೊಳ್ಳೋಕೆ ಫೀಸ್ ಕಟ್ತಿದ್ಯಲ್ಲೋ."

ಉತ್ತರ ಏನಪ್ಪಾ ಅಂದ್ರೆ, ಆಗಬಹುದು. ಅದೇ ತೊಂದ್ರೆ ಇರೋದು, ಅದಕ್ಕೆ ಆಮೇಲೆ ಬರ್ತೀನಿ.

ಮೆಸೇಜ್ ಜೊತೆ ಒಂದು ಲಿಸ್ಟೂ ಬರತ್ತೆ. ರ‍್ಯಾಂಡಿ ಕೂಟೂರ್ 33ಕ್ಕೆ ಶುರು ಮಾಡಿದ್ದು ಅಣ್ಣ, ಡೇನಿಯಲ್ ಕೋರ್ಮಿಯೆ 30ಕ್ಕೆ, ನಮ್ಮ ವಿಜೇಂದರ್ ಸಿಂಗ್ ಪ್ರೊ ಆಗಿದ್ದು 29ಕ್ಕೆ ಅಂತ. ಎಲ್ಲಾ ನಿಜ. ಕೂಟೂರ್ 1997ರಲ್ಲಿ ಎಂಎಂಎಯ ದೊಡ್ಡ ಲೀಗ್ ಆದ ಯುಎಫ್‌ಸಿಗೆ ಬಂದಾಗ 33, ಬಂದ ಮೊದಲ ರಾತ್ರಿನೇ ಎರಡು ಫೈಟ್ ಗೆದ್ದ, ಅದೇ ವರ್ಷ ಡಿಸೆಂಬರಲ್ಲಿ ಹೆವಿವೇಟ್ ಚಾಂಪಿಯನ್ ಬೆಲ್ಟ್, 2007ರಲ್ಲಿ 43ನೇ ವಯಸ್ಸಲ್ಲಿ ಅದನ್ನ ಮತ್ತೆ ಗೆದ್ದ. ಕೇಳಿದ್ರೆ ಯಾರಿಗಾದ್ರೂ ಇವತ್ತೇ ರಾಜೀನಾಮೆ ಬರೀಬೇಕು ಅನ್ಸತ್ತೆ. ಆದ್ರೆ ಆ ಮನುಷ್ಯ ಅದಕ್ಕೆ ಮುಂಚೆ ಕಾಲೇಜಲ್ಲಿ, ಸೈನ್ಯದಲ್ಲಿ ವರ್ಷಗಟ್ಟಲೆ ಕುಸ್ತಿ ಆಡಿದ್ದ. ಕೋರ್ಮಿಯೆ 2004ರ ಅಥೆನ್ಸ್ ಒಲಿಂಪಿಕ್ಸ್ ಕುಸ್ತಿಲಿ ನಾಲ್ಕನೇ ಜಾಗ ಬಂದವನು. ವಿಜೇಂದರ್ 2015ರಲ್ಲಿ ಪ್ರೊ ಆಗೋ ಹೊತ್ತಿಗೆ ಮೂರು ಒಲಿಂಪಿಕ್ಸ್ ಆಡಿ ಬೀಜಿಂಗಲ್ಲಿ ಕಂಚು ಗೆದ್ದಾಗಿತ್ತು. ಇವರ‍್ಯಾರೂ ತಡವಾಗಿ ಶುರು ಮಾಡಿದವರಲ್ಲ ಗುರು, ತಡವಾಗಿ ಅಂಗಡಿ ಬದಲಾಯಿಸಿದವರು.

ಇದು ನಂಗೆ ಅರ್ಥ ಆಗಿದ್ದು ಒಬ್ಬ 19ರ ಹುಡುಗನಿಂದ. ಬೆಳಗಾವಿ ಕಡೆಯವನು, ಎಂಟು ವರ್ಷದವನಿದ್ದಾಗಿಂದ್ಲೇ ಗರಡಿ ಮನೆ ಮಟ್ಟಿಲಿ ಉರುಳಾಡಿದವನು, ಬೆಂಗಳೂರಿಗೆ ಕೆಲಸಕ್ಕೆ ಬಂದು ನಮ್ಮ ಜಿಮ್ ಸೇರಿದ್ದ. ಅವನಿಗೆ ಪಂಚ್ ಹೊಡೆಯೋಕೆ ಬರ್ತಿರಲಿಲ್ಲ, ಗ್ಲೌಸ್ ಕಟ್ಟೋಕೂ ನಾನೇ ಹೇಳಿಕೊಟ್ಟೆ, ನಂಗೆ ಆಗಲೇ ಒಂದೂವರೆ ವರ್ಷದ ಟ್ರೈನಿಂಗ್ ಇತ್ತು. ಸ್ಪಾರಿಂಗ್‌ಗೆ ಅಂದ್ರೆ ಅಭ್ಯಾಸದ ಫೈಟಿಗೆ ನಿಂತ್ವಿ. ನಾನು ಮುಂದಿನ ಕೈಯಿಂದ ನೇರ ಪಂಚ್ ಹಾಕಿದೆ, ತಗುಲಿತು ಕೂಡ, ಕೈ ವಾಪಸ್ ಬರೋದ್ರೊಳಗೆ ಎರಡೂ ಕಾಲು ನೆಲ ಬಿಟ್ಟಿತ್ತು, ಮೇಲಿನ ಟ್ಯೂಬ್‌ಲೈಟ್ ಕಾಣಿಸ್ತು, ಬೆನ್ನು ಮ್ಯಾಟ್ ಮೇಲೆ. ಎದ್ದೆ, ಮತ್ತೆ ಅದೇ. ಐದು ನಿಮಿಷದಲ್ಲಿ ಏಳೋ ಎಂಟೋ ಸಲ ಆ ಟ್ಯೂಬ್‌ಲೈಟ್ ನೋಡಿದೆ. ಹೆಂಗೋ ಮಾಡ್ತೀಯಾ ಇದನ್ನ ಅಂದ್ರೆ ಪಾಪ ನಾಚಿಕೊಂಡು, "ಸರ್, ನೀವು ನನ್ ಕೈ ನೋಡಾಕತ್ತೀರಿ, ನಾ ನಿಮ್ ಸೊಂಟ ನೋಡಾಕತ್ತೀನ್ರಿ" ಅಂದ. ಸೊಂಟ ನೋಡಬೇಕು ಅಂತ ನಂಗೂ ಗೊತ್ತಿತ್ತು. ಆದ್ರೆ ನಾನು ಯೋಚನೆ ಮಾಡಿ ನೋಡಬೇಕಿತ್ತು, ಅವನ ಕಣ್ಣು ತಾನಾಗೇ ಅಲ್ಲಿಗೆ ಹೋಗ್ತಿತ್ತು.

ಹಾಗಂತ ನಿಜವಾಗ್ಲೂ ತಡವಾಗಿ ಶುರು ಮಾಡಿದವರು ಇಲ್ವಾ? ಇದಾರೆ. ಡಿಯೊಂಟೇ ವೈಲ್ಡರ್ ಬಾಕ್ಸಿಂಗ್‌ಗೆ ಬಂದಿದ್ದು 20ಕ್ಕೆ, ಮೂರೇ ವರ್ಷಕ್ಕೆ ಒಲಿಂಪಿಕ್ ಕಂಚು, 2015ರಲ್ಲಿ ಡಬ್ಲ್ಯೂಬಿಸಿ ಅನ್ನೋ ಪ್ರೊ ಬಾಕ್ಸಿಂಗ್ ಸಂಸ್ಥೆಯ ಹೆವಿವೇಟ್ ಚಾಂಪಿಯನ್. ಬ್ರೆಜಿಲ್‌ನ ಅಲೆಕ್ಸ್ ಪೆರೇರಾ, ಮುಂದೆ ಯುಎಫ್‌ಸಿ ಚಾಂಪಿಯನ್ ಆದವನು, ಟೈರ್ ಅಂಗಡಿಲಿ ಕೆಲಸ ಮಾಡ್ಕೊಂಡು ಕುಡಿತಕ್ಕೆ ಬಿದ್ದಿದ್ದ, ಅದನ್ನ ಬಿಡೋಕೆ ಅಂತ 21ಕ್ಕೆ ಕಿಕ್‌ಬಾಕ್ಸಿಂಗ್ ಹಿಡಿದ. ಗಮನಿಸಿ, ಈ ಲೋಕದಲ್ಲಿ ಲೇಟ್ ಅಂದ್ರೆ 20, 21. ಅದೂ ವೈಲ್ಡರ್ ಆರು ಅಡಿ ಏಳು ಇಂಚು.

33ಕ್ಕಿಂತ ದೊಡ್ಡೋರು ಸೊನ್ನೆಯಿಂದ ಶುರು ಮಾಡಿದ್ರೆ ಏನಾಗತ್ತೆ ಅನ್ನೋದಕ್ಕೆ ಸಿಎಂ ಪಂಕ್ ಇದಾನಲ್ಲ. ಡಬ್ಲ್ಯೂಡಬ್ಲ್ಯೂಇ ಸ್ಟಾರು, ದುಡ್ಡಿಗೆ ಕೊರತೆ ಇಲ್ಲ, ಮಿಲ್ವಾಕಿಯಲ್ಲಿ ಒಳ್ಳೆ ಕೋಚ್ ಕೈಕೆಳಗೆ ಸುಮಾರು ಎರಡು ವರ್ಷ ಟ್ರೈನಿಂಗು. 2016ರ ಸೆಪ್ಟೆಂಬರಲ್ಲಿ 37ನೇ ವಯಸ್ಸಿಗೆ ಮೊದಲ ಫೈಟು, ಎದುರಿಗಿದ್ದ ಮಿಕ್ಕಿ ಗಾಲ್‌ಗೆ 24. ಮೊದಲನೇ ರೌಂಡಲ್ಲಿ 2 ನಿಮಿಷ 14 ಸೆಕೆಂಡಿಗೆ ಗಾಲ್ ಹಿಂದಿನಿಂದ ಕತ್ತು ಹಿಡಿದು ಟ್ಯಾಪ್ ಮಾಡಿಸಿದ, ಅಂದ್ರೆ ಸೋಲೊಪ್ಪಿಸಿದ. ಜನ ನಕ್ಕರು, ನಂಗೆ ನಗು ಬರಲಿಲ್ಲ. ಫೈಟ್ ನಡೆಯೋ ಆ ಕೇಜಿನ ಬಾಗಿಲು ಮುಚ್ಚಿ ಚಿಲಕ ಹಾಕೋ ಸದ್ದು ಕೇಳಿದೋರಿಗೆ ನಗು ಬರಲ್ಲ.

ಈಗ ಆ ತೊಂದ್ರೆ ವಿಷಯ. ಅಮೆಚೂರ್ ಬಾಕ್ಸಿಂಗಲ್ಲಿ ಅಂತರರಾಷ್ಟ್ರೀಯ ಮಟ್ಟಕ್ಕೆ 40 ದಾಟಿತು ಅಂದ್ರೆ ಮುಗೀತು, ಮೇರಿ ಕೋಮ್ ಅಂಥವರಿಗೇ ಆ ನಿಯಮ ಅಡ್ಡ ಬಂತು. ಪ್ರೊಗೆ ಹಂಗಿಲ್ಲ. ನೀವು ಲಂಡನ್ನಲ್ಲೋ ಅಮೆರಿಕದಲ್ಲೋ ಆದ್ರೆ ಲೈಸೆನ್ಸು, ಸ್ಕ್ಯಾನು, ವಯಸ್ಸು ಜಾಸ್ತಿ ಇದ್ರೆ ಇನ್ನಷ್ಟು ಟೆಸ್ಟು ಅಂತ ಒಂದಷ್ಟು ಜರಡಿ ಇರತ್ತೆ. ನನ್ನ ಮೊದಲ ಪ್ರೊ ಫೈಟಿಗೆ ಕೇಳಿದ್ದು ಒಂದು ಬ್ಲಡ್ ಟೆಸ್ಟ್ ರಿಪೋರ್ಟು, ಡಾಕ್ಟರ್ ಸಹಿ, ಮತ್ತೆ "ಎಷ್ಟು ಟಿಕೆಟ್ ಮಾರ್ತೀರಾ ಸರ್?" ಅಂತ. ಯಾವ ಊರು, ಯಾರು ಅಂತ ಬೇಡ ಬಿಡಿ. ಐಟಿ ಕೆಲಸದೋನು, ಆಫೀಸಿಂದ ನಲವತ್ತು ಜನ ಬರ್ತಾರೆ, ಎಲ್ರೂ ಟಿಕೆಟ್ ತಗೋತಾರೆ, ಹಾಕು ಇವನನ್ನ ಫೈಟ್ ಲಿಸ್ಟಲ್ಲಿ. ನನ್ನ ಎದುರಾಳಿ ಯಾರು ಅಂತ ಐದು ದಿನ ಮುಂಚೆ ಗೊತ್ತಾಯ್ತು. 33ರ ಹವ್ಯಾಸಿಗೆ ಪ್ರೊ ಆಗೋದು ಕಷ್ಟ ಅಂತ ಎಲ್ರೂ ಅಂದ್ಕೊಂಡಿದಾರೆ, ಅಲ್ಲ ಸ್ವಾಮಿ, ತೀರಾ ಸುಲಭ, ನಿಮ್ಮನ್ನ ಬೇಡ ಅನ್ನೋರೇ ಇರಲ್ಲ. ಬೇಡ ಅನ್ನೋ ಕೋಚ್ ನಿಮಗೆ ಬೇಕು.

ವೇಟ್ ಕಟ್, ಅಂದ್ರೆ ಫೈಟಿಗೆ ಮುಂಚೆ ತೂಕ ಇಳಿಸೋದು, ಅದರ ಬಗ್ಗೆ ಯಾರೂ ಮೊದಲೇ ಹೇಳಲ್ಲ, ಅದೂ ಹೇಳ್ಬಿಡ್ತೀನಿ. ಫೆದರ್‌ವೇಟ್, ನಾನು ಆಡೋ ವಿಭಾಗ, ಅಂದ್ರೆ ಹೆಚ್ಚಂದ್ರೆ 65.8 ಕೆಜಿ, ನಾನಿದ್ದಿದ್ದು 71. ತೂಕ ನೋಡೋದು ಫೈಟಿನ ಹಿಂದಿನ ದಿನ. ಕೊನೆ ಎರಡು ಕೆಜಿ ಪೂರ್ತಿ ಬೆವರಲ್ಲೇ ಹೋಗಬೇಕು, ಮನೇಲಿ ಟಬ್ ಎಲ್ಲಿಂದ ಬರಬೇಕು, ಗೀಸರ್ ಆನ್ ಮಾಡಿ ಬಾತ್ರೂಮ್ ಬಾಗಿಲು ಹಾಕ್ಕೊಂಡು ಎರಡು ಸ್ವೆಟರ್ ಮೇಲೆ ರೈನ್‌ಕೋಟು. ಆಮೇಲೆ ಚೂಯಿಂಗ್ ಗಮ್ ಜಗೀತಾ ನೀರಿನ ಬಾಟಲಿಗೆ ಉಗುಳ್ತಾ ಹಾಲಲ್ಲಿ ಕೂತಿದ್ದೆ, ನನ್ನಾಕೆ ಸೌತೆಕಾಯಿ ಹೆಚ್ಚುತ್ತಾ, "ರೀ, ಆ ಬಾಟಲ್ ಮತ್ತೆ ಫ್ರಿಜ್‌ಗೆ ಇಡಬೇಡಿ" ಅಂದ್ಲು ಅಷ್ಟೇ. 20ರ ಹುಡುಗರು ತೂಕ ಕೊಟ್ಟು ಎರಡು ಪ್ಲೇಟ್ ಬಿರಿಯಾನಿ ತಿಂದು ಬೆಳಿಗ್ಗೆ ಕುಣೀತಿರ್ತಾರೆ, ನಂಗೆ ಫೈಟ್ ದಿನಾನೂ ಮೀನಖಂಡ ಹಿಡ್ಕೊಳ್ತಿತ್ತು. ತಲೆಗೆ ಏಟು ಬಿದ್ದಾಗ್ಲೂ ಹಾಗೇ, ಅವರಿಗೆ ರಾತ್ರಿಗೆ ಸರಿಹೋಗೋ ತಲೆನೋವು ನಂಗೆ ಮೂರು ದಿನ ಇರ್ತಿತ್ತು, ಮೀಟಿಂಗಲ್ಲಿ ಸ್ಕ್ರೀನ್ ನೋಡೋಕಾಗ್ದೆ ಕಣ್ಣು ಮುಚ್ಚಿ "ಯೆಸ್ ಯೆಸ್" ಅಂತಿದ್ದೆ. ದುಡ್ಡು? ಎರಡು ಪ್ರೊ ಫೈಟಿಂದ ಬಂದಿದ್ದು ಒಂದು ಎಂಆರ್‌ಐಗೂ ಫಿಸಿಯೋಗೂ ಸಾಲಲಿಲ್ಲ.

ಇಷ್ಟೆಲ್ಲಾ ಹೇಳಿದ ಮೇಲೂ ಮಾಡ್ಬೇಕಾ ಅಂತ ಕೇಳೋರಿಗೆ ನಾನು ಡ್ಯೂವಿ ಬೊಜೆಲ್ಲಾ ಹೆಸರು ಹೇಳ್ತೀನಿ. ಮಾಡದ ಕೊಲೆಗೆ ಅಮೆರಿಕದಲ್ಲಿ 26 ವರ್ಷ ಜೈಲಲ್ಲಿದ್ದ, ಜೈಲಲ್ಲೇ ಬಾಕ್ಸಿಂಗ್ ಮಾಡ್ತಿದ್ದ, 2009ರಲ್ಲಿ ಹೊರಗೆ ಬಂದ, 2011ರಲ್ಲಿ 52ನೇ ವಯಸ್ಸಿಗೆ ಲಾಸ್ ಏಂಜಲೀಸಲ್ಲಿ ಒಂದೇ ಒಂದು ಪ್ರೊ ಫೈಟ್ ಆಡಿದ, ಗೆದ್ದ, ಮುಗಿಸಿದ. ಕರಿಯರ್ ಬೇಕು ಅನ್ನಲಿಲ್ಲ, ಒಂದು ಫೈಟ್ ಬೇಕಿತ್ತು. ನಿಮಗೂ ನಿಜವಾಗಿ ಬೇಕಿರೋದು ಅದೇನಾ ಅಂತ ಕೇಳ್ಕೊಳ್ಳಿ, ಯಾಕಂದ್ರೆ ಒಂದು ಫೈಟ್‌ಗೆ ಪ್ರೊನೇ ಆಗಬೇಕಿಲ್ಲ, ಅಮೆಚೂರಲ್ಲೇ ಆಗತ್ತೆ. ಏಟೇ ಬೇಡ ಅಂದ್ರೆ ಜಿಯು ಜಿಟ್ಸು ಅನ್ನೋ ಪಟ್ಟು ಹಾಕೋ ಆಟದಲ್ಲಿ 30 ದಾಟಿದವರಿಗೇ ಮಾಸ್ಟರ್ಸ್ ಅಂತ ಬೇರೆ ವಿಭಾಗ ಇದೆ, ಐದೈದು ವರ್ಷಕ್ಕೊಂದು ಗುಂಪು, ನಮ್ಮ ಜಿಮ್ಮಿನ 46ರ ಒಬ್ಬ ಅಂಕಲ್ ಅದರಲ್ಲಿ ಮೆಡಲ್ ತಂದು ಆಫೀಸ್ ಟೇಬಲ್ ಮೇಲೆ ಇಟ್ಕೊಂಡಿದಾರೆ.

ಅಷ್ಟಕ್ಕೂ ಪ್ರೊ ಆಗ್ಲೇಬೇಕು ಅಂದ್ರೆ ನಂದು ಒಂದೇ ಕಂಡೀಷನ್ನು. ಒಂದು ವರ್ಷ ಕುಸ್ತಿ ಮಾಡಿ, ಪಂಚು ಕಿಕ್ಕು ಆಮೇಲೆ. ಆಮೇಲೆ ಮೂರು ಅಮೆಚೂರ್ ಫೈಟ್ ಆಡಿ, ಅದ್ರಲ್ಲಿ ಒಂದಾದ್ರೂ ಚೆನ್ನಾಗಿ ಸೋತಿರಬೇಕು, ಸೋತ ಮರುವಾರ ಜಿಮ್‌ಗೆ ಬಂದಿರಬೇಕು, ಆಗ ಮತ್ತೆ ಇದೇ ಮೆಸೇಜ್ ಕಳ್ಸಿ. ಇಲ್ಲಿವರೆಗೆ ಹಾಗೆ ವಾಪಸ್ ಕಳಿಸಿದವರು ಇಬ್ರು. ಒಬ್ಬ ಮುಂದಿನ ತಿಂಗಳು ಆಡ್ತಿದಾನೆ, ಇನ್ನೊಬ್ಬನಿಗೆ ಮಗು ಆಯ್ತು, ಶನಿವಾರ ಮಾತ್ರ ಬರ್ತಾನೆ.

ಬರೋದಾದ್ರೆ ಬೆಳಿಗ್ಗೆ ಆರು, ಆರೂ ಐದು ಅಲ್ಲ. ಮೌತ್‌ಗಾರ್ಡ್ ನಿಮ್ಮದೇ ತನ್ನಿ. ಗ್ಲೌಸ್ ಈಗಲೇ ತಗೋಬೇಡಿ, ಜಿಮ್ಮಿಂದೇ ಇದೆ, ಸ್ವಲ್ಪ ವಾಸನೆ ಬರತ್ತೆ ಅಷ್ಟೇ.